ಹಳೆಯ ಮುಖ, ಹೊಸ ಮೈ: ಕಾರಿನ ರೂಪದ ಜಗಳ

ಅಡಿಕೆ ಕೊಯ್ಲಿನ ದಿನಗಳಲ್ಲಿ ಚನ್ನಗಿರಿಯ ರಸ್ತೆಗಳಲ್ಲಿ ಎರಡು ತಲೆಮಾರಿನ ವಾಹನಗಳು ಒಂದರ ಹಿಂದೊಂದು ಸಾಗುವುದುಂಟು. ಮುಂದಿನದು ತೋಟದ ಹಳೆಯ ಜೀಪು. ಬಣ್ಣ ಮಾಸಿದೆ, ಹಿಂದೆ ಅಡಿಕೆ ಚೀಲ, ಮೇಲೆ ಟಾರ್ಪಾಲು. ಹಿಂದಿನದು ಈಚೆಗೆ ಕೊಂಡ ಮಹೀಂದ್ರ ಥಾರ್. ಎರಡಕ್ಕೂ ದುಂಡು ದೀಪ, ನಡುವೆ ಉದ್ದುದ್ದ ಸೀಳಿನ ಜಾಲರಿ, ಚಪ್ಪಟೆ ಬಾನೆಟ್, ಮೈಯಿಂದ ಹೊರಚಾಚಿದ ಮಡ್‌ಗಾರ್ಡ್. ದೂರದಿಂದ ನೋಡಿದವರಿಗೆ ಅಜ್ಜ ಮೊಮ್ಮಗನ ಹೋಲಿಕೆ. ಆದರೆ ಮೊಮ್ಮಗನಿಗೆ ಬೆಲೆ ಹಲವು ಲಕ್ಷ; ಅಜ್ಜನಿಗೆ ಗುಜರಿಯವನು ಕಟ್ಟುವ ಬೆಲೆ.

ಹಳೆಯ ರೂಪಕ್ಕೆ ಇಷ್ಟು ಬೆಲೆ ಬಂದದ್ದು ಹೇಗೆ? ಹಳೆಯ ವಸ್ತುವಿಗೇಕೆ ಬರಲಿಲ್ಲ? ಕಾರುಪ್ರಿಯರ ಲೋಕದಲ್ಲಿ ದಶಕಗಳಿಂದ ನಡೆದಿರುವ ಒಂದು ಜಗಳದೊಳಗೆ ಈ ಪ್ರಶ್ನೆ ಅಡಗಿದೆ. ಅದು ಬಹುಮಟ್ಟಿಗೆ ಸ್ಪೋರ್ಟ್ಸ್ ಕಾರುಗಳ ಸುತ್ತ ನಡೆದ ಜಗಳ. ಒಂದು ಪಕ್ಷದವರಿಗೆ 1960ರ ದಶಕದ ನಂತರ ಚೆಲುವಾದ ಕಾರೇ ಹುಟ್ಟಿಲ್ಲ. ಇನ್ನೊಂದು ಪಕ್ಷದವರಿಗೆ ಹಳೆಯದನ್ನು ಮತ್ತೆ ಬಿಡಿಸುವುದು ಸೋಮಾರಿತನ.

ಹಳೆಯ ಸ್ಪೋರ್ಟ್ಸ್ ಕಾರುಗಳ ಚೆಲುವಿಗೆ ಬರಿಯ ಕಲಾವಿದನ ಕೈ ಕಾರಣವಲ್ಲ. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ಇ-ಟೈಪನ್ನು ನೋಡಿ. ಅದರ ಮೈ ರೂಪಿಸಿದ ಮಾಲ್ಕಂ ಸೇಯರ್ ವಿಮಾನ ಕಾರ್ಖಾನೆಯಿಂದ ಬಂದವರು, ಗಾಳಿಯ ಹರಿವಿನ ಲೆಕ್ಕ ಬಲ್ಲವರು. ಒಂದರ ಹಿಂದೊಂದು ಸಾಲಾಗಿ ಆರು ಸಿಲಿಂಡರುಗಳಿದ್ದ ಎಂಜಿನ್ ಮುಂದೆ ಕೂರಬೇಕಿತ್ತು. ಆದ್ದರಿಂದ ಬಾನೆಟ್ ಉದ್ದವಾಯಿತು. ಚಾಲಕ ಬಹುತೇಕ ಹಿಂದಿನ ಚಕ್ರಗಳ ಬಳಿ ಕುಳಿತ. ಆ ಉದ್ದ ಮೂಗನ್ನು ಇಂದಿಗೂ ಜನ ಬೆರಗಿನಿಂದ ನೋಡುತ್ತಾರೆ. ಅದರ ಮೂಲ ಮಾತ್ರ ಎಂಜಿನ್ನಿನ ಅಳತೆ.

ಎಂಜಿನ್ ಜಾಗ ಬದಲಿಸಿದಾಗ ರೂಪವೂ ಬದಲಾಯಿತು. 1971ರ ಜಿನೀವಾ ಪ್ರದರ್ಶನಕ್ಕೆ ಬಂದ ಲ್ಯಾಂಬೋರ್ಗಿನಿ ಕೌಂಟಾಷ್‌ನಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಹೋಯಿತು. ಮುಂದೆ ಏನೂ ಇಲ್ಲದ್ದರಿಂದ ಮಾರ್ಚೆಲ್ಲೊ ಗಾಂದಿನಿ ಅದನ್ನು ಬೆಣೆಯಂತೆ ಚೂಪಾಗಿಸಿದರು. ನೆಲದಿಂದ ಮಾಡಿಗೆ ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಹಿಂದೆ ನೋಡಲು ಆಗುತ್ತಿರಲಿಲ್ಲ. ರಿವರ್ಸ್ ತೆಗೆಯುವವರು ಬಾಗಿಲನ್ನು ಮೇಲೆತ್ತಿ, ಹೊಸ್ತಿಲ ಮೇಲೆ ಕುಳಿತು, ಕತ್ತು ತಿರುಗಿಸಿ ನೋಡಬೇಕಿತ್ತು. ಇಷ್ಟಾದರೂ ಒಂದು ತಲೆಮಾರಿನ ಹುಡುಗರು ಅದರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡರು.

ಆಮೇಲೆ ಕಾರಿನ ರೂಪವನ್ನು ಗಾಳಿಗಿಂತ ಹೆಚ್ಚಾಗಿ ಕಾನೂನು ತಿದ್ದತೊಡಗಿತು. ರೆಪ್ಪೆ ತೆರೆದಂತೆ ಮೇಲೇಳುವ ದೀಪಗಳು ಒಂದು ಕಾಲದ ಸ್ಪೋರ್ಟ್ಸ್ ಕಾರುಗಳ ಗುರುತಾಗಿದ್ದವು. ಅಮೆರಿಕದ ಕಾನೂನು 1980ರ ದಶಕದವರೆಗೆ ದೀಪದ ಆಕಾರ, ಅಳತೆಗಳನ್ನು ಗೊತ್ತುಪಡಿಸಿತ್ತು. ಮೂಗು ತಗ್ಗಾಗಬೇಕು, ದೀಪ ಮಾತ್ರ ಎತ್ತರದಲ್ಲಿರಬೇಕು. ಹಾಗಾಗಿ ಬೇಕಾದಾಗ ಮಾತ್ರ ಎದ್ದು ನಿಲ್ಲುವ ದೀಪ ಬಂತು. ಮುಂದೆ ಡಿಕ್ಕಿಯಾದ ಪಾದಚಾರಿಗೆ ಪೆಟ್ಟು ಕಡಿಮೆಯಾಗಲಿ ಎಂದು ಯುರೋಪಿನಲ್ಲಿ ನಿಯಮಗಳು ಬಿಗಿಯಾದವು. ಹೊರಚಾಚಿದ ಗಟ್ಟಿ ದೀಪಗಳಿಗೆ ಅಲ್ಲಿ ಜಾಗವಿರಲಿಲ್ಲ. 2004ರ ಹೊತ್ತಿಗೆ ಅವು ಮರೆಯಾದವು. ಇಂದಿನ ಕಾರುಗಳ ದಪ್ಪ ಕಂಬ, ಎತ್ತರದ ಬಾನೆಟ್, ಕಿರಿದಾದ ಕಿಟಕಿಗಳನ್ನು ಹಳಿಯುವವರು ಅವುಗಳ ಹಿಂದಿರುವ ಕಾರಣವನ್ನೂ ನೆನೆಯಬೇಕು. ತಲೆಕೆಳಗಾದಾಗ ಮಾಡು ಕುಸಿಯಬಾರದು, ಬದಿಯಿಂದ ಗುದ್ದಿದಾಗ ಬಾಗಿಲು ಒಳನುಗ್ಗಬಾರದು. ಭಾರತದಲ್ಲಿ ಇಂಥ ಡಿಕ್ಕಿ ಪರೀಕ್ಷೆಯ ನಿಯಮಗಳು ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ ಜಾರಿಗೆ ಬಂದವು. ಹಳೆಯ ಸಣಕಲು ಕಂಬಗಳು ಚೆಲುವಾಗಿದ್ದವು ನಿಜ, ಆದರೆ ಅವುಗಳ ನಡುವೆ ಕುಳಿತವರು ಬದುಕುಳಿಯುವುದು ಅದೃಷ್ಟದ ಮಾತಾಗಿತ್ತು.

ಹಳೆಯ ರೂಪವನ್ನು ಬೇಕೆಂದೇ ಮರಳಿ ತರುವ ಅಲೆ ಎದ್ದದ್ದು 1990ರ ಆಸುಪಾಸಿನಲ್ಲಿ. 1989ರಲ್ಲಿ ಜಪಾನಿನ ಮಜ್ದಾ, ಇಂಗ್ಲೆಂಡಿನ ಹಳೆಯ ಲೋಟಸ್ ಎಲಾನ್ ನೆನಪಾಗುವಂಥ ಎರಡು ಸೀಟಿನ ಎಂಎಕ್ಸ್-5 ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಮಾಡು ಮಡಚುವ, ಹಗುರವಾದ ಆ ಕಾರು ಹಳೆಯದರ ಗುಣವನ್ನು ಹಿಡಿದಿತ್ತು, ಸೋರುವ ಎಣ್ಣೆಯನ್ನಲ್ಲ. 1998ರ ಹೊಸ ಫೋಕ್ಸ್‌ವ್ಯಾಗನ್ ಬೀಟಲ್ ಇದಕ್ಕೆ ತದ್ವಿರುದ್ಧ. ಮೂಲ ಬೀಟಲ್‌ನಲ್ಲಿ ಎಂಜಿನ್ ಹಿಂದಿತ್ತು. ದುಂಡು ಬೆನ್ನಿಗೆ ಅದೇ ಕಾರಣ. ಹೊಸದರಲ್ಲಿ ಎಂಜಿನ್ ಮುಂದೆ ಬಂತು, ಬೆನ್ನು ಮಾತ್ರ ದುಂಡಾಗಿಯೇ ಉಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಹೂದಾನಿಯನ್ನೂ ಇಟ್ಟರು. ಚೆನ್ನಾಗಿ ಮಾರಾಟವಾಯಿತೆನ್ನಿ. ಆದರೆ ಅದು ವೇಷವೇ ಹೊರತು ವಂಶವಲ್ಲ.

ಪೋರ್ಷೆ 911ರ ಕತೆ ಇನ್ನೂ ಸ್ವಾರಸ್ಯ. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ ಇಂದಿಗೂ ಹಿಂದೆಯೇ ಇದೆ, ಮಾಡಿನ ಇಳಿಜಾರೂ ಹಾಗೆಯೇ ಇದೆ. 1990ರ ದಶಕದ ಕೊನೆಯಲ್ಲಿ ಗಾಳಿಯಿಂದ ತಣಿಯುತ್ತಿದ್ದ ಎಂಜಿನ್ ಬಿಟ್ಟು ನೀರಿನಿಂದ ತಣಿಯುವ ಎಂಜಿನ್ ತಂದರು. ಜತೆಗೆ ದುಂಡು ದೀಪವನ್ನು ಕೈಬಿಟ್ಟು, ತಿರುವಿನ ದೀಪವೂ ಸೇರಿದ ವಕ್ರ ಆಕಾರದ ದೀಪ ಕೂರಿಸಿದರು. ಎಂಜಿನ್ ಬದಲಾದುದಕ್ಕೆ ಗೊಣಗಿದವರಿದ್ದರು. ದೀಪ ಬದಲಾದುದಕ್ಕಂತೂ ಸಿಡಿಮಿಡಿಗೊಂಡರು, ಒಡೆದ ಮೊಟ್ಟೆಯ ಕಣ್ಣು ಎಂದು ಹಂಗಿಸಿದರು. 2004ರ ಮಾದರಿಯಲ್ಲಿ ದುಂಡು ದೀಪ ಮರಳಿತು. ಜನ ವಾಹನವನ್ನು ಮುಖದಿಂದ ಗುರುತಿಸುತ್ತಾರೆ, ಹೃದಯದಿಂದಲ್ಲ ಎಂಬುದನ್ನು ಕಂಪೆನಿ ದುಬಾರಿ ಬೆಲೆ ತೆತ್ತು ಕಲಿಯಿತು.

ಕರ್ನಾಟಕಕ್ಕೆ ಸ್ಪೋರ್ಟ್ಸ್ ಕಾರಿನ ನಂಟೇ ಇಲ್ಲವೆಂದಲ್ಲ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಯಾರಿಸಿತು. ಮೈ ಫೈಬರ್‌ಗ್ಲಾಸಿನದು. ತೀರ ಹಗುರವಾದ್ದರಿಂದ ರೇಸಿನವರು ಅದನ್ನು ಮೆಚ್ಚಿದರು; ಸಂಸಾರಸ್ಥರು ಮೆಚ್ಚಲಿಲ್ಲ. 1983ರ ಕೊನೆಗೆ ನಾಲ್ಕು ಬಾಗಿಲಿನ ಮಾರುತಿ ಬಂದ ಮೇಲೆ ಡಾಲ್ಫಿನ್ ಕೇಳುವವರಿರಲಿಲ್ಲ. 1990ರ ದಶಕದ ಕೊನೆಗೆ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ, ಫ್ರಾನ್ಸಿನಲ್ಲಿ ರೂಪಿಸಿದ ‘ಸ್ಟಾರ್ಮ್’ ಎಂಬ ತೆರೆದ ಮಾಡಿನ ಎರಡು ಸೀಟಿನ ಕಾರನ್ನು ತಂದಿತು. ಅದಕ್ಕೆ ರೆನೊ ಎಂಜಿನ್. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಮನೆಯ ಜನಸಂಖ್ಯೆ ಇವು ಮೂರರ ಮುಂದೆ ಎರಡು ಸೀಟಿನ ಕಾರು ಎಷ್ಟು ದಿನ ನಿಂತೀತು?

ಇನ್ನೊಂದು ಸಂಗತಿಯೂ ಉಂಟು. ಹಳೆಯದಕ್ಕಾಗಿ ಹಂಬಲಿಸಬೇಕಾದರೆ ಅದು ಮೊದಲು ಮರೆಯಾಗಬೇಕು. ನಮ್ಮಲ್ಲಿ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚುಕಡಿಮೆ ಅದೇ ಮೈಯಲ್ಲಿ ತಯಾರಾಯಿತು. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ, ಜಗಳೂರಿನಿಂದ ದಾವಣಗೆರೆಗೆ ಮದುವೆ ದಿಬ್ಬಣವನ್ನೋ ಹೆರಿಗೆಯ ಹೆಣ್ಣುಮಗಳನ್ನೋ ಹೊತ್ತೊಯ್ದ ಬಾಡಿಗೆ ಕಾರನ್ನು ಯಾರೂ ರೆಟ್ರೊ ಎನ್ನಲಿಲ್ಲ. ಬೇರೆ ಗತಿಯಿಲ್ಲ ಎಂದರು. ಅದು ಹೋದ ಮೇಲೆ ಚೆಲುವಾಯಿತು.

ರಾಜ್ಯದ ನಿಜವಾದ ರೆಟ್ರೊ ಕತೆ ಎರಡು ಚಕ್ರದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಮುಂದೆ ಯೆಜ್ಡಿ ಬೈಕುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪೆನಿ ಜಾವಾ ಹೆಸರನ್ನು ಮರಳಿ ತಂದಾಗ ಟ್ಯಾಂಕು, ದುಂಡು ದೀಪ, ಎರಡು ಸೈಲೆನ್ಸರು ಎಲ್ಲ ಹಿಂದಿನಂತೆಯೇ ಇದ್ದವು. ಎಂಜಿನ್ನಿನ ಸುತ್ತ ಪದರ ಪದರವಾದ ರೆಕ್ಕೆಗಳನ್ನೂ ಬಿಟ್ಟಿರಲಿಲ್ಲ. ಹಳೆಯ ಬೈಕಿನಲ್ಲಿ ಆ ರೆಕ್ಕೆಗಳು ಎಂಜಿನ್ನನ್ನು ಗಾಳಿಗೆ ಒಡ್ಡಿ ತಣಿಸುತ್ತಿದ್ದವು. ಹೊಸ ಎಂಜಿನ್ನನ್ನು ತಣಿಸುವುದು ದ್ರವ. ರೇಡಿಯೇಟರನ್ನು ಮುಂಚಕ್ರದ ಹಿಂದೆ ಎದ್ದು ಕಾಣದಂತೆ ಕೂರಿಸಲಾಗಿದೆ. ರೆಕ್ಕೆಗಳು ಇರುವುದು ಬಹುಮಟ್ಟಿಗೆ ನಮ್ಮ ಕಣ್ಣಿಗಾಗಿ.

ಜೀಪಿನತ್ತ ಮರಳೋಣ. ಅದರ ಒಂದೊಂದು ಗೆರೆಯೂ ಯುದ್ಧದ ಕೆಲಸಕ್ಕೆಂದು ಮೂಡಿದ್ದು. 1941ರಿಂದ ಅಮೆರಿಕದ ಸೇನೆಗೆ ತಯಾರಾದ ವಿಲ್ಲೀಸ್ ಜೀಪಿನ ಮುಂಗಾಜನ್ನು ಮಡಚಬಹುದಿತ್ತು. ದುಂಡು ದೀಪಗಳನ್ನು ಕೀಲಿನ ಮೇಲೆ ಹಿಂದಕ್ಕೆ ತಿರುಗಿಸಿ ಕತ್ತಲಲ್ಲಿ ಎಂಜಿನ್ ರಿಪೇರಿಗೆ ಬೆಳಕು ಪಡೆಯಬಹುದಿತ್ತು. ಚಪ್ಪಟೆ ತಗಡನ್ನು ಯಾವ ಊರಿನ ಟಿಂಕರನೂ ಬಡಿದು ನೇರ ಮಾಡಬಲ್ಲ. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಇವನ್ನು ಭಾರತದಲ್ಲಿ ಜೋಡಿಸತೊಡಗಿತು. ಆ ಮುಖದ ಬೆಲೆ ಎಷ್ಟೆಂಬುದು ಅಮೆರಿಕದಲ್ಲಿ ಗೊತ್ತಾಯಿತು. ಮಹೀಂದ್ರ ಅಲ್ಲಿ ಮಾರುತ್ತಿದ್ದ ರಾಕ್ಸರ್ ವಾಹನದ ರೂಪ ತಮ್ಮದೆಂದು ಜೀಪ್ ಹೆಸರಿನ ಒಡೆಯರು ದೂರಿತ್ತರು. 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ದೂರನ್ನು ಒಪ್ಪಿತು. ಮಹೀಂದ್ರ ರಾಕ್ಸರ್‌ನ ಮುಖ ಬದಲಿಸಬೇಕಾಯಿತು. ಅದೇ ವರ್ಷ ಇಲ್ಲಿ ಹಳೆಯ ಚಹರೆಯ ಹೊಸ ಥಾರ್ ಬಿಡುಗಡೆಯಾಗಿ, ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ರೂಪ ಹಳೆಯದು, ರಕ್ಷಣೆ ಹೊಸದು. ರೆಟ್ರೊ ಎಂದರೆ ಹೀಗಿರಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ.

ಹಾಗಿದ್ದರೆ ತೋಟದ ಹಳೆಯ ಜೀಪಿನ ಪಾಡೇನು? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಬಾಡಿಗೆಗೆ ಓಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ರೂಪದಲ್ಲೇ ಉಳಿದಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ವಾಹನವನ್ನು ಪ್ರದರ್ಶನ, ರ್‍ಯಾಲಿ, ಇಂಧನ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು.

ಅರಮನೆಯ ಕಾರಿಗೆ, ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿರುವಂಥ ಜೋಪಾನದ ಕಾರಿಗೆ ಈ ಅಳತೆ ಸರಿ. ಚನ್ನಗಿರಿ, ನ್ಯಾಮತಿಗಳ ಜೀಪು ಉಳಿದುಕೊಂಡದ್ದೇ ಬದಲಾಗುತ್ತ. ಪೆಟ್ರೋಲ್ ದುಬಾರಿಯಾದಾಗ ಇಂಥ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಆಳುಗಳು ಹೆಚ್ಚಾದಾಗ ಹಿಂಭಾಗವನ್ನು ಬೆಸೆದು ಉದ್ದ ಮಾಡಿದರು. ತುಕ್ಕು ಹಿಡಿದ ತಗಡು ತೆಗೆದು ಬೇರೆ ತಗಡು ಹಾಕಿದರು. ಹೀಗೆ ದುಡಿದು ಬದುಕಿದ ವಾಹನ ಕಾನೂನಿನ ಕಣ್ಣಿಗೆ ಪಾರಂಪರಿಕವಲ್ಲ, ಬರಿಯ ಹಳೆಯದು. ಹಳೆಯದಕ್ಕೆ ಖರ್ಚು ಬೇರೆ. ಕಾರು, ಜೀಪುಗಳ 15 ವರ್ಷದ ನಂತರದ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ ಅದು 10,000 ಆಯಿತು. ಹೊಗೆ ಉಗುಳುವ ಗಾಡಿಗೆ ಶುಲ್ಕ ಹೆಚ್ಚಿದ್ದನ್ನು ತಪ್ಪೆನ್ನಲಾಗದು. ಆದರೆ ರೂಪದ ಚರಿತ್ರೆ ಬರೆಯುವಾಗ ಅರಮನೆಯ ಲಾಯದ ಜತೆಗೆ ತೋಟದ ಕೊಟ್ಟಿಗೆಯೂ ಲೆಕ್ಕಕ್ಕೆ ಬರಬೇಕಲ್ಲವೆ?

1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೆ ಸೇರಿದ್ದವು. ಅಂದಿನ ಎಷ್ಟೋ ಗಾಡಿಗಳ ಮೇಲೆ ಕೆಎ-14 ಎಂದು ಬರೆದಿರುತ್ತದೆ, ಆಮೇಲಿನವಕ್ಕೆ ಕೆಎ-17. ವಿಂಟೇಜ್ ಎಂದು ಒಪ್ಪಿತವಾದ ವಾಹನಕ್ಕೆ ಜಿಲ್ಲೆಯ ಅಂಕಿಯೇ ಇಲ್ಲ. ರಾಜ್ಯದ ಅಕ್ಷರಗಳ ನಂತರ ನೇರ ‘ವಿಎ’ ಬರುತ್ತದೆ.