ಸತ್ತ ಮಂಗನ ಜಾಡು ಹಿಡಿದವರು



ಕಾಫಿ ಹಣ್ಣಿನ ಕೊಯ್ಲು, ಅಡಿಕೆ ಕೊನೆ ಇಳಿಸುವ ಕೆಲಸ ಭರದಿಂದ ಸಾಗುವ ತಿಂಗಳುಗಳಲ್ಲೇ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲವೂ ಆರಂಭವಾಗುತ್ತದೆ. ಗಂಡಸಿಯ ಸುತ್ತ ಅಂಥ ದಟ್ಟ ಕಾಡಿಲ್ಲ, ನಿಜ. ಆದರೆ ಮೇಲಿನ ಸೀಮೆಯಲ್ಲಿ ತೋಟವುಳ್ಳ ಸದಸ್ಯರು ನಮ್ಮಲ್ಲಿದ್ದಾರೆ. ನಮ್ಮ ಊರುಗಳಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಆದಕಾರಣ ಈ ರೋಗದ ಬಗೆಗೆ ವಿಜ್ಞಾನಿಗಳು ಏನನ್ನು ಕಂಡುಕೊಂಡರು ಎಂಬುದನ್ನು ನಾವೂ ಅರಿತಿರುವುದು ಒಳ್ಳೆಯದು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿತು. 1952ರಲ್ಲಿ ಸ್ಥಾಪನೆಯಾದ ಆ ಕೇಂದ್ರಕ್ಕೆ ಆಗ ನಿರ್ದೇಶಕರಾಗಿದ್ದವರು ಅಮೆರಿಕದ ಡಾ. ಟೆಲ್‌ಫರ್ಡ್ ವರ್ಕ್. ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ಸನ್ನು ಕುರಿತು ಕೆಲಸ ಮಾಡಿ ಬಂದ ಅನುಭವ ಅವರದು. ಮಂಗನೂ ಮನುಷ್ಯನೂ ಒಟ್ಟಿಗೇ ಬೀಳುವುದನ್ನು ಕಂಡಾಗ, ಭಾರತದಲ್ಲಿ ಎಂದೂ ಇಲ್ಲದ ಹಳದಿ ಜ್ವರ ಬಂದಿತೇ ಎಂಬ ಆತಂಕವೆದ್ದಿತು. ವರ್ಕ್ ಮತ್ತು ಅವರ ಸಹೋದ್ಯೋಗಿ ಡಾ. ಹೆರಾಲ್ಡ್ ಟ್ರಾಪಿಡೋ ಕಾಡಿಗೇ ಬಂದರು. ಸತ್ತ ಮಂಗ, ಕಾಯಿಲೆ ಬಿದ್ದ ಮನುಷ್ಯ, ಕಾಡಿನ ಉಣ್ಣೆ, ಮೂರರಲ್ಲಿಯೂ ಒಂದೇ ವೈರಸ್ಸು ದೊರೆಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗದ್ದು. ಕಾಡಿನ ಹೆಸರೇ ರೋಗದ ಹೆಸರಾಯಿತು.

ಮುಂದಿನ ವರ್ಷಗಳಲ್ಲಿ ಸಾಗರದಲ್ಲಿ ನೆಲೆ ಮಾಡಿಕೊಂಡು ದುಡಿದವರಲ್ಲಿ ಡಾ. ಪಿ. ಕೆ. ರಾಜಗೋಪಾಲನ್ ಮತ್ತು ಕೊಲಂಬಿಯಾ ದೇಶದ ಡಾ. ಹೋರ್ಹೆ ಬೊಶೆಲ್ ಮುಖ್ಯರು. ಬೊಶೆಲ್ 1969ರಲ್ಲಿ ಬರೆದ ಮಾತು ಕೃಷಿಕರಾದ ನಮಗೆ ನೇರವಾಗಿ ಸಲ್ಲುತ್ತದೆ. ಕಾಡು ಕಡಿದು ಗದ್ದೆ ಮಾಡಿದಂತೆಲ್ಲ ದನಕರು ಕಾಡಂಚಿಗೆ ಮೇಯಲು ಹೋಗುತ್ತವೆ; ಬಲಿತ ಉಣ್ಣೆಗಳು ಅವುಗಳ ರಕ್ತ ಕುಡಿದು ಹೆಚ್ಚುತ್ತವೆ. ದನ ರೋಗವನ್ನು ಹರಡುವುದಿಲ್ಲ, ಉಣ್ಣೆಯನ್ನು ಸಾಕುತ್ತದೆ. ಮನುಷ್ಯನನ್ನು ಕಚ್ಚುವುದು ಬಹುಮಟ್ಟಿಗೆ ಸಣ್ಣ ಮರಿ ಉಣ್ಣೆ, ಕಚ್ಚಿದ್ದೂ ತಿಳಿಯದು. ಒಬ್ಬರಿಂದ ಒಬ್ಬರಿಗೆ ಈ ಜ್ವರ ಅಂಟುವುದಿಲ್ಲ.

ಪ್ರಯೋಗಶಾಲೆಯ ಈಚಿನ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿಸಿವೆ. ವೈರಸ್ ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ನೆರೆಯ ಕೋಶಗಳಿಗೆ ಎಚ್ಚರಿಕೆ ಕೊಡುತ್ತದೆ. ಆ ಸಂಕೇತ ಕೋಶದ ಮೇಲ್ಮೈಯಿಂದ ಒಳಗಿನ ಕೇಂದ್ರಕ್ಕೆ ತಲುಪಿದರೆ ರಕ್ಷಣೆಯ ಸಿದ್ಧತೆ ನಡೆಯುತ್ತದೆ. ಈ ವೈರಸ್ಸಿನ ಎನ್‌ಎಸ್‌5 ಎಂಬ ಪ್ರೋಟೀನು ಸಂಕೇತವನ್ನು ದಾರಿಯಲ್ಲೇ ತಡೆಯುತ್ತದೆ. ಊರಿಗೆ ಕಳ್ಳ ಬರುವ ಮೊದಲು ತಂತಿ ಕತ್ತರಿಸಿದ ಹಾಗೆ!

ಇಷ್ಟೆಲ್ಲ ತಿಳಿದರೂ ರೋಗಕ್ಕೇ ಎಂದು ಮದ್ದಿಲ್ಲ. ಸಕಾಲದ ಆಸ್ಪತ್ರೆ ಆರೈಕೆಯೇ ಆಧಾರ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ನಾಡು ಮರೆತಿಲ್ಲ. ಚಿಕ್ಕಮಗಳೂರಿನ ತೋಟಗಳ ಸೀಮೆಯಲ್ಲೂ ರೋಗ ಕಾಣಿಸಿಕೊಂಡಿದೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದುದು ಇಷ್ಟು:

1. ಸತ್ತ ಮಂಗವನ್ನು ಮುಟ್ಟದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಆ ಜಾಗದ ತರಗೆಲೆಯನ್ನು ಗೊಬ್ಬರಕ್ಕೆ ತರಬಾರದು.

2. ಕಾಡಂಚಿನ ಕೆಲಸಕ್ಕೆ ಆಳುಗಳನ್ನು ಕಳಿಸುವಾಗ ಮೈಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆಯ ಡೀಪಾ ತೈಲ ಒದಗಿಸುವುದು. ಸಂಜೆ ಬಿಸಿನೀರಿನ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಅನುಕೂಲ ಮಾಡಿಕೊಡುವುದು.

3. ದನಗಳ ಮೈಮೇಲಿನ ಉಣ್ಣೆಗೆ ಪಶುವೈದ್ಯರ ಸಲಹೆಯಂತೆ ಔಷಧ ಹಾಕಿಸುವುದು.

4. ಮಲೆನಾಡಿನಿಂದ ಮರಳಿದವರಿಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಎಲ್ಲಿ ಕೆಲಸ ಮಾಡಿದ್ದರೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳುವುದು. ಬಯಲುಸೀಮೆಯ ವೈದ್ಯರಿಗೆ ಈ ರೋಗ ಥಟ್ಟನೆ ಹೊಳೆಯದಿರಬಹುದು.

ಪುಣೆಯ ವಿಜ್ಞಾನಿಗಳನ್ನು ಕ್ಯಾಸನೂರಿಗೆ ಎಳೆದು ತಂದದ್ದು ಸತ್ತ ಮಂಗಗಳ ಸುದ್ದಿ. ಇಂದಿಗೂ ಮೊದಲ ಎಚ್ಚರಿಕೆ ಅದೇ. ಆ ಸುದ್ದಿಯನ್ನು ಬೇಗ ಮುಟ್ಟಿಸುವ ಕೆಲಸ ತೋಟದಲ್ಲಿರುವ ನಮ್ಮದು.