ಉದ್ದ ಹೆಸರಿನ ಫೈಲು, ಹದಿಮೂರು ಬೈಟಿನ ಜಾಗ

ಹಳೆಯ ಸಿ ಪ್ರೋಗ್ರಾಂ ಒಂದು ಉದ್ದ ಹೆಸರಿನ ಫೈಲನ್ನು ತೆರೆಯದೆ ಹೋದರೆ, ಅಥವಾ ಹೆಸರನ್ನು ಎಂಟಕ್ಷರಕ್ಕೆ ಕತ್ತರಿಸಿ ಉಳಿಸಿದರೆ, ತಪ್ಪನ್ನು ಸಿ ಭಾಷೆಯ ತಲೆಗೆ ಕಟ್ಟುವುದು ರೂಢಿ. ಭಾಷೆ 1970ರ ದಶಕದ್ದು, ಅದಕ್ಕೆ ಎಂಟರಾಚೆ ಎಣಿಸಲು ಬಾರದು ಎಂಬ ನಂಬಿಕೆ. ನಮ್ಮ ಕಾಲೇಜುಗಳಲ್ಲಿ ಟರ್ಬೊ ಸಿ-ಯ ನೀಲಿ ಪರದೆಯ ಮುಂದೆ ಪಾಠ ಕಲಿತವರಲ್ಲಿ ಇದು ಇನ್ನಷ್ಟು ಗಟ್ಟಿ. ಅವರ ಮಟ್ಟಿಗೆ ಆ ಕಂಪೈಲರೇ ಸಿ. ಆದರೆ ಎಫ್‌ಓಪನ್ ಎಂಬ ಫಂಕ್ಷನ್ ಕೇಳುವುದು ಹೆಸರು ಮೆಮೊರಿಯಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವನ್ನಷ್ಟೇ. ಶೂನ್ಯ ಬೈಟ್ ಸಿಗುವ ತನಕ ಇರುವುದೆಲ್ಲ ಅದಕ್ಕೆ ಹೆಸರೇ. 1989ರ ಅಮೆರಿಕನ್ ಮಾನಕ ಕೂಡ ಗರಿಷ್ಠ ಉದ್ದ ಎಷ್ಟೆಂಬುದನ್ನು ಆಯಾ ಕಂಪೈಲರಿನ ವಿವೇಚನೆಗೆ ಬಿಟ್ಟಿತು. ಇದಕ್ಕೆ ಸಾಕ್ಷಿ ಡಾಸ್ ಜಗತ್ತಿನೊಳಗೇ ಇದೆ. ಡಿ.ಜೆ. ಡೆಲೋರಿ ಡಾಸ್‌ಗೆ ಒಗ್ಗಿಸಿದ ಜಿಸಿಸಿ ಕಂಪೈಲರು, ಅಂದರೆ ಡಿಜೆಜಿಪಿಪಿ, ವಿಂಡೋಸ್ 95ರ ಮೇಲೆ ಉದ್ದ ಹೆಸರುಗಳನ್ನು ಸಲೀಸಾಗಿ ತೆರೆಯುತ್ತಿತ್ತು. ಅದೇ ಸಾಲುಗಳನ್ನು ಟರ್ಬೊ ಸಿ-ಯಲ್ಲಿ ಕಂಪೈಲ್ ಮಾಡಿದರೆ ತೆರೆಯುತ್ತಿರಲಿಲ್ಲ. ಒಂದೇ ಭಾಷೆಯಿಂದ ಎರಡು ಫಲ ಬಂದಾಗ ಕಾರಣವನ್ನು ಬೇರೆಡೆ ಹುಡುಕಬೇಕು.

ಆ ಬೇರೆಡೆ ಎಂದರೆ ಡಿಸ್ಕ್. ಡಾಸ್‌ನ ಫ್ಯಾಟ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದು ದಾಖಲೆ; ಅದರಲ್ಲಿ ಹೆಸರಿಗೆ 8, ವಿಸ್ತರಣೆಗೆ 3. ನಡುವಿನ ಚುಕ್ಕಿಯನ್ನೂ ಕೊನೆಯ ಶೂನ್ಯವನ್ನೂ ಸೇರಿಸಿದರೆ 13. ಟರ್ಬೊ ಸಿ-ಯಲ್ಲಿ ಫೈಲು ಹುಡುಕುವ ಫಂಕ್ಷನ್ ಹೆಸರನ್ನು ತುಂಬಿಕೊಡುತ್ತಿದ್ದ ಜಾಗವೂ ಸರಿಯಾಗಿ 13 ಬೈಟ್, ಪೂರ್ತಿ ಹಾದಿಗೆ ಅದು ನಿಗದಿ ಮಾಡಿದ್ದು 80. ಹಳೆಯ ಕೋಡಿನಲ್ಲಿ ಈ ಹದಿಮೂರನ್ನು ಕಂಡು ಬರೆದವರ ಸೋಮಾರಿತನ ಎಂದು ನಗುವವರಿದ್ದಾರೆ. ಅದು ಅನ್ಯಾಯ. ಹನ್ನೆರಡಕ್ಕಿಂತ ಉದ್ದದ ಹೆಸರನ್ನು ಕೊಡುವುದಿಲ್ಲವೆಂದು ಆಪರೇಟಿಂಗ್ ಸಿಸ್ಟಂ ಮಾತು ಕೊಟ್ಟಿತ್ತು. ಪ್ರೋಗ್ರಾಮರು ಅದನ್ನು ನಂಬಿದರು, ಪ್ರತಿ ಬೈಟಿಗೂ ಬೆಲೆಯಿದ್ದ ಕಾಲದಲ್ಲಿ ಲೆಕ್ಕ ಹಾಕಿಯೇ ನಂಬಿದರು. 1995ರಲ್ಲಿ ಮಾತು ಬದಲಾಯಿತು, ಪ್ರೋಗ್ರಾಂ ಬದಲಾಗಲಿಲ್ಲ.

ಹಾಗಿದ್ದರೆ ಹದಿಮೂರನ್ನು 260 ಮಾಡಿ ಮತ್ತೆ ಕಂಪೈಲ್ ಮಾಡಿದರಾಯಿತಲ್ಲ ಎಂಬುದು ಎರಡನೆಯ ನಂಬಿಕೆ. ಟರ್ಬೊ ಸಿ-ಯಲ್ಲಿ ಇದರಿಂದ ಏನೂ ಆಗದು. ಅದರ ಲೈಬ್ರರಿ ಕರೆಯುವುದು ಡಾಸ್‌ನ ಹಳೆಯ ಸೇವೆಗಳನ್ನು. ಉದ್ದ ಹೆಸರಿಗೆಂದು ವಿಂಡೋಸ್ 95 ಸೇರಿಸಿದ ಹೊಸ ಸೇವೆಗಳ ಪರಿಚಯ ಅದಕ್ಕಿಲ್ಲ. ಹಳೆಯ ಸೇವೆ ಉದ್ದ ಹೆಸರು ಕಂಡರೆ ದೂರುವುದೂ ಇಲ್ಲ, ಎಂಟಕ್ಕೆ ಮೂರಕ್ಕೆ ಕತ್ತರಿಸಿ ಮುಂದುವರಿಯುತ್ತದೆ. ಮೊದಲ ಎಂಟಕ್ಷರವೂ ವಿಸ್ತರಣೆಯೂ ಒಂದೇ ಆಗಿರುವ ಎರಡು ವರದಿಗಳನ್ನು ಬರೆದರೆ ಎರಡನೆಯದು ಮೊದಲನೆಯದರ ಮೇಲೆಯೇ ಕೂರುತ್ತದೆ, ಎಚ್ಚರಿಕೆಯ ಒಂದು ಸಾಲೂ ಇಲ್ಲದೆ. ತಿರುಗುಮುರುಗಾಗಿ, ಅಳತೆಯನ್ನು ಮುಟ್ಟದೆ ಕೋಡನ್ನು 32 ಬಿಟ್ ವಿಂಡೋಸ್‌ಗೆ ಒಯ್ದರೆ ಇನ್ನೂ ಅಪಾಯ. ಅಲ್ಲಿ ವ್ಯವಸ್ಥೆ 260 ಅಕ್ಷರ ಹಿಡಿಸುವ ಜಾಗದಲ್ಲಿ ಹೆಸರು ತಂದುಕೊಡುತ್ತದೆ. ಅದನ್ನು ಅಳತೆ ನೋಡದೆ ನಕಲಿಸುವ ಸ್ಟ್ರ್‌ಕಾಪಿಯಿಂದ ಹದಿಮೂರಕ್ಕೆ ಸುರಿದರೆ ಅಕ್ಕಪಕ್ಕದ ಮೆಮೊರಿ ಕೆಡುತ್ತದೆ. ಡಾಸ್‌ನಲ್ಲಿ ದಶಕಗಟ್ಟಲೆ ನಿರ್ದೋಷಿಯಾಗಿದ್ದ ಸಾಲು ಒಂದು ಮರುಕಂಪೈಲಿನಲ್ಲಿ ಅಪರಾಧಿಯಾಗುತ್ತದೆ.

ಅದರ ಬದಲು ಸ್ಟ್ರ್‌ಎನ್‌ಕಾಪಿ ಹಾಕಿದರೆ ಕ್ಷೇಮ ಎನ್ನುವವರಿಗೂ ಒಂದು ಮಾತು. ಆ ಫಂಕ್ಷನ್ ಹುಟ್ಟಿದ್ದು ಸ್ಟ್ರ್‌ಕಾಪಿಯ ಸುರಕ್ಷಿತ ತಮ್ಮನಾಗಿ ಅಲ್ಲ. ಹಳೆಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಪ್ರತಿ ದಾಖಲೆ 16 ಬೈಟ್, ಅದರಲ್ಲಿ ಹೆಸರಿಗೆ 14. ಹೆಸರು ಪೂರ್ತಿ ಹದಿನಾಲ್ಕಿದ್ದರೆ ಕೊನೆಯಲ್ಲಿ ಶೂನ್ಯವೇ ಇರುತ್ತಿರಲಿಲ್ಲ. ಅಂಥ ನಿಗದಿತ ಅಳತೆಯ ಅಂಕಣ ತುಂಬಲೆಂದೇ ಬಂದ ಫಂಕ್ಷನ್ ಅದು, ಆದ್ದರಿಂದಲೇ ಜಾಗ ತುಂಬಿದಾಗ ಅದು ಶೂನ್ಯ ಹಾಕುವುದಿಲ್ಲ. ಫೈಲ್ ಹೆಸರುಗಳಿಗಾಗಿಯೇ ಹುಟ್ಟಿದ್ದು ಇಂದು ಫೈಲ್ ಹೆಸರುಗಳಿಗೇ ಒಗ್ಗುವುದಿಲ್ಲ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವಿಂಡೋಸ್ ಪ್ರತಿ ಉದ್ದ ಹೆಸರಿಗೂ ‘ಪ್ರೋಗ್ರಾ~1’ ಮಾದರಿಯ ಗಿಡ್ಡ ಹೆಸರು ಕೊಡುತ್ತದಲ್ಲ, ಹಳೆಯ ಪ್ರೋಗ್ರಾಂ ಅದನ್ನೇ ಬಳಸಲಿ. ಈ ಏರ್ಪಾಡಿನ ಜಾಣ್ಮೆಯನ್ನು ಒಪ್ಪಲೇಬೇಕು. ಉದ್ದ ಹೆಸರನ್ನು ಹದಿಮೂರು ಹದಿಮೂರು ಅಕ್ಷರದ ತುಂಡುಗಳಾಗಿ (ಇಲ್ಲೂ ಹದಿಮೂರು, ಬರೀ ಕಾಕತಾಳೀಯ) ಹೆಚ್ಚುವರಿ ದಾಖಲೆಗಳಲ್ಲಿಟ್ಟರು. ಓದಲು ಮಾತ್ರ, ಅಡಗಿದ್ದು, ಸಿಸ್ಟಂ, ವಾಲ್ಯೂಮ್ ಲೇಬಲ್ ಎಂಬ ನಾಲ್ಕೂ ಗುರುತುಗಳನ್ನು ಒಟ್ಟಿಗೇ ಹಚ್ಚಿದ್ದರಿಂದ ಹಳೆಯ ಪ್ರೋಗ್ರಾಂಗಳು ಅವನ್ನು ದಾಟಿ ಮುಂದೆ ಹೋದವು. ಹಳೆಯ ಪ್ರೋಗ್ರಾಂ ಫೈಲನ್ನು ಅಳಿಸಿ ಅದೇ ಗಿಡ್ಡ ಹೆಸರಲ್ಲಿ ಮತ್ತೆ ಬರೆದರೂ, ಸ್ವಲ್ಪ ಹೊತ್ತಿನೊಳಗೆ, ವಿಂಡೋಸ್ ಎನ್‌ಟಿ ವಂಶದಲ್ಲಿ ಸಾಮಾನ್ಯವಾಗಿ 15 ಸೆಕೆಂಡಿನೊಳಗೆ, ಬರೆದರೆ ಉದ್ದ ಹೆಸರು ಹಿಂದಿರುಗುತ್ತದೆ. ಆದರೆ ಗಿಡ್ಡ ಹೆಸರಿನ ಅಂಕಿ ಫೈಲಿನ ಗುಣವಲ್ಲ, ಆ ಫೋಲ್ಡರಿಗೆ ಅದು ಎಷ್ಟನೆಯದಾಗಿ ಬಂತು ಎಂಬುದರ ಫಲ. ಬೇರೆ ಕ್ರಮದಲ್ಲಿ ನಕಲು ಮಾಡಿದರೆ ~1 ಇದ್ದದ್ದು ~2 ಆಗಬಹುದು. ಎನ್‌ಟಿಎಫ್‌ಎಸ್‌ನಲ್ಲಿ ಈ ಸೌಲಭ್ಯವನ್ನು ಪೂರ್ತಿ ನಿಲ್ಲಿಸಲೂ ಬಹುದು. ಆಮೇಲೆ ಹುಟ್ಟುವ ಫೈಲುಗಳಿಗೆ ಗಿಡ್ಡ ಹೆಸರೇ ಇರದು. ಆ ಕ್ಷಣದ ಬಳಕೆಗೆ ಅದು ಸರಿ, ಸಂರಚನಾ ಫೈಲಿನಲ್ಲಿ ಬರೆದಿಟ್ಟುಕೊಳ್ಳಲು ಖಂಡಿತ ಸಲ್ಲದು. ಹುಡುಕಾಟದಲ್ಲೂ ಅದು ಕಾಲಿಗೆ ತೊಡರುತ್ತದೆ. ‘ಎಚ್‌ಟಿಎಂ’ ವಿಸ್ತರಣೆಯವನ್ನು ಮಾತ್ರ ಅಳಿಸು ಎಂದರೆ ‘ಎಚ್‌ಟಿಎಂಎಲ್’ ಫೈಲುಗಳೂ ಹೋಗಬಹುದು, ಏಕೆಂದರೆ ಅವುಗಳ ಗಿಡ್ಡ ಹೆಸರು ಕೊನೆಯಾಗುವುದು ‘ಎಚ್‌ಟಿಎಂ’ನಲ್ಲೇ. ಸಿಕ್ಕ ಹೆಸರಿನ ವಿಸ್ತರಣೆಯನ್ನು ಪ್ರೋಗ್ರಾಂ ತಾನೇ ಮತ್ತೊಮ್ಮೆ ಹೋಲಿಸಿ ನೋಡುವುದೊಂದೇ ದಾರಿ.

ಉದ್ದವೇ ಏಕೈಕ ತೊಡಕು ಎಂಬ ನಂಬಿಕೆ ಕನ್ನಡದ ಹೆಸರುಗಳ ಮುಂದೆ ಬಿದ್ದುಹೋಗುತ್ತದೆ. ‘ಕನ್ನಡ’ ಎಂದು ಹೆಸರಿಟ್ಟರೆ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಹದಿಮೂರರ ಜಾಗದಲ್ಲಿ ಅದೂ ಹಿಡಿಯದು. ಲಿನಕ್ಸ್‌ನಲ್ಲಿ ಸಾಮಾನ್ಯ ಮಿತಿ 255 ಬೈಟ್ ಆದ್ದರಿಂದ ಕನ್ನಡದ ಹೆಸರಿಗೆ ಸಿಗುವುದು 85 ಸಂಕೇತ. ವಿಂಡೋಸ್‌ನಲ್ಲಿ ಉದ್ದದ ಪ್ರಶ್ನೆ ಬರುವ ಮೊದಲೇ ಕೆಲಸ ಕೆಡುತ್ತದೆ. ಕನ್ನಡಕ್ಕೆ ಅಲ್ಲಿ ಹಳೆಯ ಆನ್ಸಿ ಕೋಡ್‌ಪೇಜ್ ಇಲ್ಲದ್ದರಿಂದ ಆನ್ಸಿ ದಾರಿಯಲ್ಲಿ ಬರುವ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಆ ಚಿಹ್ನೆಯೋ ವಿಂಡೋಸ್‌ನ ಫೈಲ್ ಹೆಸರಿನಲ್ಲಿ ನಿಷಿದ್ಧ. ಹಳೆಯ ಸಿ ಕೋಡನ್ನು ಕನ್ನಡದ ಫೈಲುಗಳಿಗೆ ಸಿದ್ಧಪಡಿಸುವವರು ಅಳತೆಗೆ ಕೈಹಾಕುವ ಮುನ್ನ ಎಫ್‌ಓಪನ್ ಬದಲು ಡಬ್ಲ್ಯುಎಫ್‌ಓಪನ್ ಬಳಸಲಿ, ಅಥವಾ ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ಸಾಧ್ಯವಾಗಿರುವಂತೆ ಯುಟಿಎಫ್-8 ಅನ್ನೇ ಪ್ರೋಗ್ರಾಂನ ಕೋಡ್‌ಪೇಜ್ ಎಂದು ಘೋಷಿಸಲಿ.