ಗೋಕಾಕದ ಧಬಧಬೆಯ ದಂಡೆಯಲ್ಲಿ

ಮಳೆಗಾಲ ಬಂತೆಂದರೆ ನಮ್ಮ ಪುಣೆಯ ಹುಡುಗ ಹುಡುಗಿಯರಿಗೆ ಲೋಣಾವಳ, ಸಿಂಹಗಡ, ತಾಮ್ಹಿಣಿ ಘಾಟಗಳ ಹುಚ್ಚು ಹತ್ತುತ್ತದೆ. ಹೋಗಿ ಬರಲಿ, ಬೇಡವೆನ್ನುವವಳಲ್ಲ ನಾನು. ಆದರೆ ಯುವ ಮಿತ್ರರೇ, ಒಂದು ಮಳೆಗಾಲವನ್ನಾದರೂ ಗೋಕಾಕಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳಲು ಈ ಲೇಖನ.

ಗೋಕಾಕ ನನ್ನ ಸೋದರಮಾವನ ಊರು. ಮಾಮಾ ಅಲ್ಲಿಯ ನೂಲಿನ ಮಿಲ್ಲಿನಲ್ಲಿದ್ದರು. ನನ್ನ ಬೇಸಿಗೆ ರಜೆಗಳೆಲ್ಲ ಅಲ್ಲಿಯೇ ಕಳೆದವು. ಮದುವೆಯಾಗಿ ಪುಣೆಗೆ ಬಂದ ಮೇಲೆ ಹೋಗುವುದು ಕಡಿಮೆಯಾಯಿತು. ಇಂಗ್ಲಿಷ್ ಬಿ.ಎ. ಮಾಡಿದ ಹುರುಪಿನಲ್ಲಿ ಮಗನ ಜೊತೆ ಮನೆಯಲ್ಲಿ ಇಂಗ್ಲಿಷ್‌ನಲ್ಲಿಯೇ ಮಾತಾಡಿದೆ. ಓಣಿಯಲ್ಲಿ ಅವನಿಗೆ ಮರಾಠಿ ತಾನಾಗಿಯೇ ಬಂತು. ಕನ್ನಡ ಮಾತ್ರ ಅಡುಗೆಮನೆಯಲ್ಲಿ ಕಿವಿಗೆ ಬಿದ್ದಷ್ಟೇ. ಅವನು ಚಿಕ್ಕವನಿದ್ದಾಗ ಒಂದು ಮದುವೆಯಲ್ಲಿ "ನನಗ ಭೂಕ ಹತ್ತೇದ" ಎಂದ. ಹಸಿವು ಎನ್ನುವ ಶಬ್ದ ನೆನಪಾಗದೆ ಮರಾಠಿ ಶಬ್ದ ಸೇರಿಸಿದ್ದ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅವನು ಬಂಧುಗಳ ಮುಂದೆ ಕನ್ನಡದ ಬಾಯಿ ತೆರೆಯಲಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದಾಗ ಮಾಮಿಗೆ ಫೋನು ಮಾಡಿ ಮಗನ ಕೈಗೆ ಕೊಟ್ಟೆ. "ಹಲೋ" ಎಂದವನೇ ನನಗೆ ತಿರುಗಿ ಕೊಟ್ಟುಬಿಟ್ಟ.

ಹೋದ ವರ್ಷ ಶ್ರಾವಣದಲ್ಲಿ ಇಪ್ಪತ್ತು ವರ್ಷದ ಈ ಮಗನನ್ನು ಕರೆದುಕೊಂಡು ಹೊರಟೆ. ಪುಣೆಯಿಂದ ಮೀರಜ ದಾಟಿ ಬೆಳಗಾವಿಗೆ ಹೋಗುವ ರೈಲಿನಲ್ಲಿ ಕೂತರೆ ಶೇಡಬಾಳ, ಉಗಾರ, ಕುಡಚಿ ಎನ್ನುತ್ತ ಕನ್ನಡದ ಊರುಗಳು ಸುರುವಾಗುತ್ತವೆ. ನಡುವೆ ತುಂಬಿದ ಕೃಷ್ಣೆಯ ಮೇಲಿನ ಸೇತುವೆ. ಘಟಪ್ರಭಾ ನಿಲ್ದಾಣದಲ್ಲಿ ಇಳಿದೆವು. ಮರುದಿನ ಎಂಬತ್ತು ದಾಟಿದ ಮಾಮಿಯೂ "ನಾನೂ ಬರ್ತೀನಿ" ಎಂದು ಹಟ ಹಿಡಿದು ನಮ್ಮ ಜೊತೆ ರಿಕ್ಷಾ ಹತ್ತಿದರು. ದಾರಿಯುದ್ದಕ್ಕೂ ಮಗ ಮೌನಿ.

ಊರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ ಧಬಧಬೆ. ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಎದೆಗೆ ಬಡಿಯುತ್ತದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ಘಟಪ್ರಭೆ ಇಲ್ಲಿ ಹಾಸುಬಂಡೆಯ ಮೇಲೆ ಹರಡಿಕೊಂಡು ಬಂದು, ಕುದುರೆ ಲಾಳದ ಆಕಾರದ ಅಂಚಿನಿಂದ 170 ಅಡಿ, ಅಂದರೆ ಸುಮಾರು 52 ಮೀಟರ್, ಕೆಳಗಿನ ಕೊಳ್ಳಕ್ಕೆ ಧುಮುಕುತ್ತದೆ. ಹೊಸ ನೀರಿನ ಬಣ್ಣ ಕೆಂಪು, ಮೇಲೆ ಏಳುವ ತುಂತುರು ಬಿಳಿ. ಎರಡೂ ಬದಿಗೆ ಗೋಡೆ ಕಟ್ಟಿದಂತೆ ನಿಂತ ಮರಳುಗಲ್ಲಿನ ಬಂಡೆಗಳು. ಸಿಂಹಗಡದ ಕರಿಕಲ್ಲು ನಿಮಗೆ ಗೊತ್ತು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಆದದ್ದು. ಗೋಕಾಕದ ಈ ಮರಳುಗಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಕಲ್ಲಿನ ಸೀಳುಗಳಲ್ಲಿ ನೀರು ಹೊಕ್ಕು, ದೊಡ್ಡ ದೊಡ್ಡ ತುಂಡುಗಳು ಕಳಚಿ ಬಿದ್ದು ಈ ಕಡಿದಾದ ದಂಡೆಗಳು ಆಗಿವೆ. ಆ ಕೆಲಸ ಇನ್ನೂ ನಡೆದೇ ಇದೆ.

ಮಗ ಬಾಯಿ ಬಿಟ್ಟು ನೋಡುತ್ತಿದ್ದವನು ತಡೆಯಲಾರದೆ ಮರಾಠಿಯಲ್ಲಿ "ಕೇವಢಾ ಧಬಧಬಾ!" ಎಂದು ಕೂಗಿದ.

"ಹೂನಪಾ, ಧಬಧಬೆ! ನಾವೂ ಹಂಗ ಅಂತೀವಲ್ಲ," ಎಂದರು ಮಾಮಿ.

ಅವನು ತಿರುಗಿ ನೋಡಿದ. "ಇದು ಕನ್ನಡಾನ?"

"ನಮ್ಮ ಕಡೆ ಕನ್ನಡನ. ನಿನಗ ಕನ್ನಡ ಬರಂಗಿಲ್ಲಂತ ಯಾರು ಹೇಳಿದ್ರು?"

ಮಾಮಿ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಮಾತು ಸುರುಮಾಡಿದರು. ನದಿಯ ಮೇಲೆ ತೂಗುಸೇತುವೆ, ಉದ್ದ ಸುಮಾರು 200 ಮೀಟರ್. ನಾನು ಚಿಕ್ಕವಳಿದ್ದಾಗ ಅದು ತೂಗಾಡಿದರೆ ಅಳುತ್ತಿದ್ದೆನಂತೆ, ಮಾಮಾ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರಂತೆ. ದಂಡೆಯ ಮೇಲಿನ ಮಿಲ್ಲು 1885ರಲ್ಲಿ ಸ್ಥಾಪನೆಯಾದದ್ದು. ಈ ನೀರಿನ ಬಲದಿಂದಲೇ ಅದರ ಯಂತ್ರಗಳು ತಿರುಗಿದವು. "ಭೋಂಗಾ ಆದ್ರ ಸಾಕು, ನಿಮ್ಮಜ್ಜ ಡಬ್ಬಿ ತಗೊಂಡು ರಾತ್ರಿ ಪಾಳಿಗೆ ಹೊರಡಾವ್ರು" ಎಂದರು ಮಾಮಿ. ಭೋಂಗಾ, ಡಬ್ಬಿ, ಪಾಳಿ – ಮರಾಠಿ ಬಲ್ಲ ನನ್ನ ಮಗನಿಗೆ ಒಂದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಗೊತ್ತಿಲ್ಲದ್ದನ್ನು ಅವನೇ ಕೇಳಿದ. ಸೆಳವು ಅಂದರೇನು, ಮಡು ಅಂದರೇನು, ಅಜ್ಜಗೆ ರಾತ್ರಿ ಹೆದರಿಕೆ ಆಗುತ್ತಿರಲಿಲ್ಲವೇ? ಅವನ ಕನ್ನಡ ಹರಕುಮುರುಕಾಗಿತ್ತು. ಯಾರೂ ನಗಲಿಲ್ಲ. ಪಕ್ಕದಲ್ಲಿ ಕೂತ ನನಗೆ, ಆ ಪಂಕ್ತಿಯಲ್ಲಿ ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

ಗೋಕಾಕ ಎಂದ ಕೂಡಲೇ 1982ರ ಗೋಕಾಕ ಚಳವಳಿ ನೆನಪಾಗುವುದು ಸಹಜ. ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಡಾ. ರಾಜಕುಮಾರ್ ಅವರೂ ಬೀದಿಗಿಳಿದ ಹೋರಾಟವದು. ಅದಕ್ಕೆ ಹೆಸರು ಬಂದದ್ದು ಈ ಊರಿನಿಂದಲ್ಲ, ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರಿಂದ. ಸವಣೂರಿನಲ್ಲಿ ಹುಟ್ಟಿದ ಅವರು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಇಂಗ್ಲಿಷ್ ಕಲಿಸಿದವರು. ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಇಂಗ್ಲಿಷ್ ಕಲಿತರೆ ಕನ್ನಡ ಬಿಡಲೇಬೇಕೆಂದು ಅವರಿಗೆ ಅನಿಸಿರಲಿಲ್ಲ. ನನಗೇಕೆ ಅನಿಸಿತೋ!

ಇನ್ನು ಹೋಗುವವರಿಗೆ ಕೆಲವು ಮಾತು. ಜುಲೈಯಿಂದ ಸೆಪ್ಟೆಂಬರ್ ಸರಿಯಾದ ಕಾಲ. ಬೇಸಿಗೆಯಲ್ಲಿ ಬರಿಯ ಬಂಡೆ ಕಾಣುತ್ತದೆ. ಕಾರಿನಲ್ಲಾದರೆ ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರದ ಮೇಲೆ ಹೋಗಬೇಕು. ಸೇತುವೆಯ ಮೇಲೆ ಬಿಡುತ್ತಾರೋ ಇಲ್ಲವೋ ಅಲ್ಲಿಯೇ ಕೇಳಿಕೊಳ್ಳಿ. ಪಾಚಿಗಟ್ಟಿದ ಬಂಡೆ ಜಾರುತ್ತದೆ, ಫೋಟೋಕ್ಕಾಗಿ ಅಂಚಿಗೆ ಹೋಗಲೇಬೇಡಿ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ, ಬಿಡಬೇಡಿ. ಹತ್ತಿರವೇ ಧೂಪದಾಳದ ಒಡ್ಡು, ಅದರ ಹಿನ್ನೀರಿನಲ್ಲಿ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ. ಅಲ್ಲಿಗೆ ದೂರದೇಶದ ಕೊಕ್ಕರೆಗಳು ಬರುವುದು ಚಳಿಗಾಲದಲ್ಲಿ. ಬರುವಾಗ ಗೋಕಾಕದ ಕರದಂಟು ಕಟ್ಟಿಸಿಕೊಂಡು ಬನ್ನಿ. ಅಂಗಡಿಯವರ ಜೊತೆ ನಿಮ್ಮ ಕನ್ನಡದಲ್ಲಿಯೇ ಚೌಕಾಸಿ ಮಾಡಿ. ನಡುವೆ ಮರಾಠಿ ಬಂದರೆ ಬರಲಿ, ಅವರಿಗೆ ತಿಳಿಯುತ್ತದೆ.

ಈಗ ರವಿವಾರಕ್ಕೊಮ್ಮೆ ಮಾಮಿಗೆ ಫೋನು ಮಾಡುವವನು ನನ್ನ ಮಗ. ಅವರ ಕಿವಿ ಮಂದವಾಗಿದೆ, ಇವನು ಕೂಗಿ ಕೂಗಿ ಮಾತಾಡುತ್ತಾನೆ. ಹೋದ ವಾರ ನನ್ನನ್ನು ಕರೆದು, "ಅಮ್ಮಾ, ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಬೇಕು, ಅಕ್ಷರ ಕಲಿಸು" ಎಂದ. ಪಾಟಿ ತಂದಿಲ್ಲ, ಹಳೆಯ ನೋಟ್‌ಬುಕ್ಕಿನಲ್ಲಿಯೇ ಸುರುಮಾಡಿದ್ದೇವೆ. ನಿಮ್ಮ ಮನೆಯ ಊರಿನಲ್ಲಿಯೂ ಇಂಥ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಈ ಮಳೆಗಾಲದಲ್ಲಿಯೇ ಹೋಗಿ ಬನ್ನಿ.